ಕತೆಯ ಹಕ್ಕಿಗೆ ಕೊನೆಯಿರಲಿ

2024ರ ಜನವರಿ 1ರಿಂದ ತ್ರಿವೇಣಿಯವರ ಕಾದಂಬರಿಗಳು ಎಲ್ಲರ ಸೊತ್ತು. ಅವರು ಬದುಕಿದ್ದಾಗ ಪ್ರಕಟವಾದ ಪುಸ್ತಕಗಳನ್ನು ಈಗ ಯಾರು ಬೇಕಾದರೂ ಅಚ್ಚು ಹಾಕಿಸಬಹುದು, ಬೇರೆ ಭಾಷೆಗೆ ತರಬಹುದು, ರಂಗಕ್ಕೆ ಏರಿಸಬಹುದು, ಓದಿ ಧ್ವನಿಮುದ್ರಿಸಿ ಹಂಚಬಹುದು. ಯಾರ ಅಪ್ಪಣೆಯೂ ಬೇಕಿಲ್ಲ, ಯಾರಿಗೂ ಗೌರವಧನ ಕೊಡಬೇಕಿಲ್ಲ. ತ್ರಿವೇಣಿ ತೀರಿಕೊಂಡದ್ದು 1963ರ ಜುಲೈ 29ರಂದು. ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ, ಲೇಖಕರು ತೀರಿಕೊಂಡ ವರ್ಷ ಮುಗಿದ ಮೇಲೆ 60 ವರ್ಷ ಎಣಿಸಬೇಕು. ಆ ಲೆಕ್ಕ 2023ರ ಡಿಸೆಂಬರ್ 31ಕ್ಕೆ ಮುಗಿಯಿತು. 1963ರ ಸೆಪ್ಟೆಂಬರ್ 6ರಂದು ತೀರಿಕೊಂಡ ಮಂಜೇಶ್ವರದ ಗೋವಿಂದ ಪೈಯವರ ಕೃತಿಗಳ ಹಕ್ಕೂ ಅದೇ ರಾತ್ರಿ ಮುಗಿಯಿತು. 'ಮಹಾಬ್ರಾಹ್ಮಣ' ಬರೆದ ದೇವುಡು ನರಸಿಂಹಶಾಸ್ತ್ರಿಗಳದು ಅದಕ್ಕೂ ಒಂದು ವರ್ಷ ಮೊದಲೇ ಮುಗಿದಿತ್ತು.

ಇದು ನ್ಯಾಯವೇ ಎಂದು ಕೇಳುವವರಿದ್ದಾರೆ. ಆ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಗಂಗಾವತಿ ತಾಲ್ಲೂಕಿನ ನಮ್ಮ ಶ್ರೀರಾಮನಗರದ ಕಡೆ ಇದನ್ನು ಚರ್ಚೆಗೆ ಇಟ್ಟರೆ ಮೊದಲು ಬರುವುದು ಹೊಲದ ಮಾತು. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಂದ ಮೇಲೆ ಆಂಧ್ರದ ಜಿಲ್ಲೆಗಳಿಂದ ಬಂದ ಕುಟುಂಬಗಳು ಇಲ್ಲಿ ಕ್ಯಾಂಪುಗಳನ್ನು ಕಟ್ಟಿಕೊಂಡು, ಜಾಲಿ ಕಡಿದು, ನೆಲ ಮಟ್ಟ ಮಾಡಿ ಭತ್ತ ಬೆಳೆದವು. ಆ ಹೊಲ ಮಕ್ಕಳಿಗೆ ಬಂತು, ಮೊಮ್ಮಕ್ಕಳಿಗೆ ಬಂತು, ಮುಂದೆ ಮರಿಮಕ್ಕಳಿಗೂ ಹೋಗುತ್ತದೆ. ತಾತ ಸತ್ತು 60 ವರ್ಷವಾಯಿತು, ಇನ್ನು ಈ ಗದ್ದೆಯಲ್ಲಿ ಯಾರಾದರೂ ನಾಟಿ ಮಾಡಬಹುದು ಎಂದು ಯಾವ ಕಾನೂನೂ ಹೇಳುವುದಿಲ್ಲ. ಹಾಗಿದ್ದರೆ ರಾತ್ರಿಗಟ್ಟಲೆ ಕೂತು ಬರೆದ ಕಾದಂಬರಿ ಏನು ತಪ್ಪು ಮಾಡಿತ್ತು? ಬೆವರಿಗೆ ಒಂದು ನ್ಯಾಯ, ಮಸಿಗೆ ಇನ್ನೊಂದು ನ್ಯಾಯವೇ?

ಈ ವಾದಕ್ಕೆ ಎರಡನೆಯ ಮಗ್ಗುಲೂ ಉಂಟು. ಔಷಧಿಯ ಪೇಟೆಂಟ್ 20 ವರ್ಷಕ್ಕೆ ಮುಗಿಯುತ್ತದೆ. ರೋಗಿಗೆ ಅದು ಬೇಕು, ಇಲ್ಲದಿದ್ದರೆ ಜೀವ ಹೋಗುತ್ತದೆ. ಕಾದಂಬರಿ ಓದದೆ ಯಾರೂ ಸಾಯುವುದಿಲ್ಲ. ಇತಿಹಾಸಕಾರ ಬರೆಯುವ ಸಂಗತಿಗಳು ಎಲ್ಲರಿಗೂ ಸೇರಿದವು. ಕತೆಗಾರನ ಪಾತ್ರ ಮಾತ್ರ ಅವನ ತಲೆಯಿಂದಲೇ ಹುಟ್ಟಿದ್ದು. ಅವನು ಬರೆಯದಿದ್ದರೆ ಅದು ಇರುತ್ತಲೇ ಇರಲಿಲ್ಲ. ಬೇರೆಯವರಿಗೆ ಕತೆ ಬೇಕಾದರೆ ತಮ್ಮದೇ ಕತೆ ಕಟ್ಟಿಕೊಳ್ಳಲಿ, ಯಾರು ಬೇಡ ಅಂದರು? ಆದ್ದರಿಂದ ಉಳಿದೆಲ್ಲ ಹಕ್ಕುಗಳಿಗೆ ಕೊನೆ ಇದ್ದರೂ ಕಲ್ಪನೆಯ ಕೃತಿಯ ಹಕ್ಕಿಗೆ ಕೊನೆ ಇರಬಾರದು ಎನ್ನುತ್ತಾರೆ.

ಈ ವಾದ ಸಾಹಿತ್ಯದ ಮೇಲಿನ ಗೌರವದಿಂದಲೇ ಹುಟ್ಟಿದೆ ಎಂದು ನಾನು ಒಪ್ಪುತ್ತೇನೆ. ಆದರೆ ಅದರ ತೀರ್ಮಾನ ತಪ್ಪು. ಕತೆಯ ಮೇಲಿನ ಹಕ್ಕು ಕೊನೆಯಾಗಲೇಬೇಕು, ಮತ್ತು ಅದು ಕೊನೆಯಾಗುವುದರಿಂದ ಲೇಖಕರಿಗೆ ನಷ್ಟಕ್ಕಿಂತ ಲಾಭವೇ ಹೆಚ್ಚು. ಕನ್ನಡದಂತಹ ಭಾಷೆಯಲ್ಲಿ ಲೇಖಕರ ದೊಡ್ಡ ಶತ್ರು ಕಳ್ಳ ಮುದ್ರಕನಿಗಿಂತ ಮರೆವು.

ಮೊದಲು ಹೊಲದ ಮಾತನ್ನೇ ತೆಗೆದುಕೊಳ್ಳೋಣ. ಒಂದು ಮಡಿಯಲ್ಲಿ ಒಬ್ಬನೇ ನಾಟಿ ಮಾಡಬಹುದು. ನಾನು ಉತ್ತರೆ ನೀನು ಉಳುವಂತಿಲ್ಲ. ಒಡೆತನ ಯಾರದು ಎಂದು ಗೊತ್ತಿಲ್ಲದಿದ್ದರೆ ಹೊಡೆದಾಟವೇ ಗತಿ. ಅದಕ್ಕಾಗಿ ಪಹಣಿ ಬೇಕು, ಬದು ಬೇಕು. ಕತೆಯ ಸ್ವಭಾವ ಬೇರೆ. ಗಂಗಾವತಿಯಲ್ಲಿ ಒಬ್ಬರು ತ್ರಿವೇಣಿಯವರ 'ಬೆಕ್ಕಿನ ಕಣ್ಣು' ಓದಿದರೆ ಕುಷ್ಟಗಿಯಲ್ಲಿ ಓದುವವರಿಗೆ ಒಂದು ಸಾಲೂ ಕಡಿಮೆಯಾಗುವುದಿಲ್ಲ. ಹತ್ತು ಜನ ಅದನ್ನು ಅಚ್ಚು ಹಾಕಿಸಿದರೂ ಕಾದಂಬರಿ ಸವೆಯುವುದಿಲ್ಲ. ನೆಲದ ಒಡೆತನ ಬಂದದ್ದು ಇರುವ ವಸ್ತುವನ್ನು ಹಂಚಿಕೊಳ್ಳುವ ಕಷ್ಟದಿಂದ. ಕೃತಿಸ್ವಾಮ್ಯವನ್ನು ಸಮಾಜ ಬೇರೊಂದು ಉದ್ದೇಶಕ್ಕೆ ಕಟ್ಟಿಕೊಂಡಿತು: ಬರೆಯುವವರಿಗೆ ಬದುಕು ನಡೆಯಲಿ, ಅವರು ಇನ್ನಷ್ಟು ಬರೆಯಲಿ, ಅಷ್ಟು ಕಾಲ ಬೇರೆಯವರು ಅಚ್ಚು ಹಾಕದೆ ಕಾಯಲಿ. ಇದು ಓದುಗರು ಲೇಖಕರಿಗೆ ಕೊಟ್ಟ ಮಾತು, ಮತ್ತು ಆ ಮಾತಿಗೆ ಆರಂಭದಿಂದಲೂ ಒಂದು ಗಡುವು ಇತ್ತು.

ಇಂಗ್ಲೆಂಡಿನಲ್ಲಿ 1710ರಲ್ಲಿ ಬಂದ ಮೊದಲ ಕಾಯ್ದೆ ಹೊಸ ಪುಸ್ತಕಕ್ಕೆ 14 ವರ್ಷ ಹಕ್ಕು ಕೊಟ್ಟಿತು. ಲೇಖಕ ಬದುಕಿದ್ದರೆ ಇನ್ನೂ 14 ವರ್ಷ. ಲಂಡನ್ನಿನ ಪುಸ್ತಕ ವ್ಯಾಪಾರಿಗಳು ಇಷ್ಟು ಸಾಲದು, ನಮ್ಮ ಹಕ್ಕು ಶಾಶ್ವತವಾದದ್ದು ಎಂದು ದಶಕಗಳ ಕಾಲ ಹೋರಾಡಿದರು. 1774ರಲ್ಲಿ ಡೊನಾಲ್ಡ್‌ಸನ್ ಮತ್ತು ಬೆಕೆಟ್ ನಡುವಿನ ಪ್ರಕರಣದಲ್ಲಿ ಅಲ್ಲಿನ ಮೇಲ್ಮನೆ ಆ ವಾದವನ್ನು ತಳ್ಳಿಹಾಕಿತು. ಶಾಶ್ವತ ಹಕ್ಕಿಗಾಗಿ ಹೋರಾಡಿದವರು ವ್ಯಾಪಾರಿಗಳು ಎಂಬುದನ್ನು ಗಮನಿಸಬೇಕು. ಲೇಖಕರ ಹೆಸರು ಹೇಳಿಕೊಂಡು ಬೇಡಿದ ಹಕ್ಕು ಕೊನೆಗೆ ಸೇರುತ್ತಿದ್ದದ್ದು ಅಂಗಡಿಗೆ.

1841ರಲ್ಲಿ ಲೇಖಕ ಸತ್ತ ಮೇಲೂ 60 ವರ್ಷ ಹಕ್ಕು ಕೊಡುವ ಮಸೂದೆ ಬ್ರಿಟಿಷ್ ಸಂಸತ್ತಿಗೆ ಬಂದಾಗ ಅದನ್ನು ಎದುರಿಸಿ ಮಾತಾಡಿದವನು, ನಮಗೆ ಶಿಕ್ಷಣದ ಟಿಪ್ಪಣಿಯಿಂದ ಪರಿಚಿತನಾದ ಮೆಕಾಲೆ. ಈ ಹಕ್ಕು ಓದುಗರ ಮೇಲೆ ಹಾಕುವ ತೆರಿಗೆ, ಲೇಖಕನಿಗೆ ಉತ್ತೇಜನ ಸಿಗುವಷ್ಟು ಮಾತ್ರ ಅದು ಇರಬೇಕು ಎಂಬುದು ಅವನ ವಾದದ ತಿರುಳು. ಸತ್ತ ಮೇಲೆ ಎಷ್ಟೋ ವರ್ಷ ಕಳೆದು ಯಾರಿಗೋ ಬರುವ ಹಣ ಯಾವ ಲೇಖಕನನ್ನೂ ಬರೆಯಲು ಕೂರಿಸುವುದಿಲ್ಲ ಎಂದ. ಇನ್ನೊಂದು ಅಪಾಯವನ್ನೂ ತೋರಿಸಿದ: ಕಾದಂಬರಿಕಾರ ರಿಚರ್ಡ್‌ಸನ್ನನ ಮೊಮ್ಮಗ ಪಾದ್ರಿ, ಅವನಿಗೆ ಕಾದಂಬರಿ ಎಂದರೆ ಆಗದು, ಹಕ್ಕು ಅವನ ಕೈಯಲ್ಲಿದ್ದಿದ್ದರೆ ಅಜ್ಜನ ಪುಸ್ತಕಗಳು ಮತ್ತೆ ಅಚ್ಚಾಗುತ್ತಿರಲಿಲ್ಲ. ಆ ಮಸೂದೆ ಅಂದು ಬಿದ್ದುಹೋಯಿತು. ಮೆಕಾಲೆಯ ಉಳಿದ ಮಾತುಗಳನ್ನು ನಾವು ಎಷ್ಟೇ ತಿರಸ್ಕರಿಸಿದರೂ ಈ ಮಾತು ನಮಗೆ ಬೇಕಾದದ್ದು. ವೇಶ್ಯಾಜೀವನವನ್ನು ಬಿಚ್ಚಿಟ್ಟು ಬರೆದ ಅ.ನ.ಕೃ. ಅವರ 'ನಗ್ನಸತ್ಯ'ದಂತಹ ಕಾದಂಬರಿ ಆ ಕಾಲದಲ್ಲೇ ಎಷ್ಟು ಜನರ ಕಣ್ಣು ಕೆಂಪಾಗಿಸಿತ್ತು! ಇನ್ನೂರು ವರ್ಷಗಳ ನಂತರದ ಯಾರೋ ಒಬ್ಬ ವಾರಸುದಾರನಿಗೆ ಅಂಥ ಕೃತಿ ಮುಜುಗರ ತಂದರೆ, ಶಾಶ್ವತ ಹಕ್ಕು ಅವನ ಕೈಗೆ ಬೀಗ ಕೊಡುತ್ತದೆ. ಅದಕ್ಕೆ ಯಾವ ಸರ್ಕಾರದ ನಿಷೇಧವೂ ಬೇಕಿಲ್ಲ. ಪುಸ್ತಕ ಸುಮ್ಮನೆ ಸಿಗುವುದಿಲ್ಲ, ಅಷ್ಟೇ.

ಇನ್ನು, ಕತೆ ಪೂರ್ತಿಯಾಗಿ ಕತೆಗಾರನ ತಲೆಯಿಂದಲೇ ಹುಟ್ಟಿದ್ದು ಎಂಬ ಮಾತು. ಗಂಗಾವತಿ ಸೀಮೆಯಲ್ಲಿ ನಿಂತು ಇದನ್ನು ಹೇಳುವುದು ಕಷ್ಟ. ಆನೆಗೊಂದಿ, ಪಂಪಾಸರೋವರ, ಅಂಜನಾದ್ರಿ ಇರುವ ಈ ನೆಲವನ್ನು ಜನ ಕಿಷ್ಕಿಂಧೆ ಎಂದೇ ಕರೆಯುತ್ತಾರೆ; ನಮ್ಮ ಊರಿನ ಹೆಸರಿನಲ್ಲೇ ರಾಮನಿದ್ದಾನೆ. ವಾಲ್ಮೀಕಿಯ ಕಾವ್ಯದ ಮೇಲೆ ಯಾರದೋ ಹಕ್ಕು ಇದ್ದಿದ್ದರೆ ನಾಗಚಂದ್ರ ರಾವಣನನ್ನು ಬೇರೆ ಬೆಳಕಿನಲ್ಲಿ ತೋರಿಸಿ ಜೈನ ರಾಮಾಯಣ ಬರೆಯಲು ಯಾರ ಅಪ್ಪಣೆ ಕೇಳಬೇಕಿತ್ತು? ತೊರವೆಯ ನರಹರಿ ಯಾರಿಗೆ ಗೌರವಧನ ಕಟ್ಟಬೇಕಿತ್ತು? ಕುವೆಂಪು ತಮ್ಮ 'ಶ್ರೀ ರಾಮಾಯಣ ದರ್ಶನಂ'ನಲ್ಲಿ ಮಂಥರೆಗೆ ತಾಯಿಯ ಮಮತೆ ಕೊಟ್ಟರು, ಸೀತೆಯ ಜೊತೆ ರಾಮನನ್ನೂ ಅಗ್ನಿಗೆ ಇಳಿಸಿದರು. ಮೂಲದ ಹಕ್ಕನ್ನು ಕಾಯುವ ಯಾವ ವಾರಸುದಾರ ಇದಕ್ಕೆ ಒಪ್ಪುತ್ತಿದ್ದ? ಕನ್ನಡಕ್ಕೆ ಮೊದಲ ಜ್ಞಾನಪೀಠ ತಂದ ಕೃತಿ ಸಾಧ್ಯವಾದದ್ದೇ ಅದರ ಮೂಲ ಎಲ್ಲರದೂ ಆಗಿದ್ದರಿಂದ.

ದೊಡ್ಡ ಕವಿಗಳ ಮಾತು ಬಿಡಿ. ಕೊಪ್ಪಳದ ಹತ್ತಿರದ ಮೋರನಾಳದ ಭೀಮವ್ವ ಶಿಳ್ಳೇಕ್ಯಾತರ ಅವರು ತೊಗಲುಗೊಂಬೆ ಆಡಿಸುತ್ತ ರಾಮಾಯಣ, ಮಹಾಭಾರತಗಳನ್ನು ತಲೆಮಾರುಗಳಿಗೆ ಕಾಣಿಸಿದರು. 2025ರಲ್ಲಿ ಅವರಿಗೆ ಪದ್ಮಶ್ರೀ ಬಂತು. ಪರದೆಯ ಹಿಂದೆ ದೀಪ ಹಚ್ಚಿ ಆಡಿಸುವ ಆ ಕತೆಗೆ ಒಂದು ಕಾಸಿನ ಗೌರವಧನ ಕೊಡಬೇಕಾಗಿದ್ದರೂ ಅಂತಹ ಅಲೆಮಾರಿ ಕಲೆ ಹುಟ್ಟುತ್ತಿರಲಿಲ್ಲ. ನಮ್ಮ ಗಂಗಾವತಿ ತಾಲ್ಲೂಕಿನ ಕುಮ್ಮಟದುರ್ಗದ ಕುಮಾರರಾಮನ ಕತೆಯೂ ಹಾಗೆಯೇ. ನಂಜುಂಡ ಕವಿ ಸಾಂಗತ್ಯದಲ್ಲಿ ಬರೆದ, ಜನಪದರು ಹಾಡಿದರು, ಬಯಲಾಟದವರು ಕುಣಿದರು. ಒಬ್ಬೊಬ್ಬರೂ ಹಿಂದಿನವರಿಂದ ತೆಗೆದುಕೊಂಡು ಒಂದಿಷ್ಟು ಸೇರಿಸಿದರು. ಹೊಸ ಕಾಲದ ಕಾದಂಬರಿಕಾರರೂ ಇದೇ ಸಾಲಿನವರು. ಎಸ್.ಎಲ್. ಭೈರಪ್ಪನವರ 'ಪರ್ವ' ವ್ಯಾಸರಿಂದ ಪಡೆಯಿತು. ಗಳಗನಾಥರು 'ಕನ್ನಡಿಗರ ಕರ್ಮಕಥೆ'ಯನ್ನು ಹರಿನಾರಾಯಣ ಆಪಟೆಯವರ ಮರಾಠಿ ಕಾದಂಬರಿಯ ಆಧಾರದಲ್ಲಿ ಬರೆದರು. ಕತೆ ಬರೆಯುವವರು ಸಮಾಜದಿಂದ ಇಷ್ಟು ಪಡೆದ ಮೇಲೆ, ಒಂದು ದಿನ ತಾವು ಬರೆದದ್ದೂ ಸಮಾಜಕ್ಕೆ ಸೇರಲಿ ಎನ್ನುವುದು ಋಣ ತೀರಿಸುವ ಮಾತು.

ಪಡೆದ ಕತೆಯ ಮೇಲೆ ಹಕ್ಕು ಕೂತರೆ ಏನಾಗುತ್ತದೆ ಎಂಬುದಕ್ಕೆ ಕನ್ನಡದ್ದೇ ಪ್ರಕರಣವಿದೆ. ಶಿವರಾಮ ಕಾರಂತರು ಯಕ್ಷಗಾನಕ್ಕೆ ಹೊಸ ರೂಪ ಕೊಟ್ಟು ಕೆಲವು ಪ್ರಸಂಗಗಳನ್ನು ನೃತ್ಯನಾಟಕಗಳಾಗಿ ಕಟ್ಟಿದರು. 1994ರಲ್ಲಿ ಬರೆದ ಉಯಿಲಿನ ಮೂಲಕ ತಮ್ಮ ಹಕ್ಕುಗಳನ್ನು ಬಿ. ಮಾಲಿನಿ ಮಲ್ಯ ಅವರಿಗೆ ಬಿಟ್ಟರು. 1997ರಲ್ಲಿ ಕಾರಂತರು ತೀರಿಕೊಂಡರು. 2001ರಲ್ಲಿ ಮಣಿಪಾಲದ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ದೆಹಲಿಯಲ್ಲಿ 'ಅಭಿಮನ್ಯು ವಧೆ'ಯನ್ನು ಕಾರಂತರ ರೂಪದಲ್ಲಿ ಆಡಿಸಿದಾಗ ಮಾಲಿನಿ ಮಲ್ಯ ನ್ಯಾಯಾಲಯಕ್ಕೆ ಹೋದರು. ಪ್ರಕರಣ ಸುಪ್ರೀಂ ಕೋರ್ಟಿನವರೆಗೆ ಹೋಗಿ 2009ರ ಜನವರಿಯಲ್ಲಿ ಇತ್ಯರ್ಥವಾಯಿತು. ಉಯಿಲಿನಂತೆ ಹಕ್ಕು ಮಾಲಿನಿ ಮಲ್ಯ ಅವರದೇ ಎಂದು ನ್ಯಾಯಾಲಯ ಎತ್ತಿಹಿಡಿಯಿತು. ಜೊತೆಗೆ, ಕಾಯ್ದೆಯೇ ಅನುಮತಿಸಿರುವ ಬಗೆಯ ಪ್ರದರ್ಶನಗಳಿಗೆ ಈ ತಡೆ ಅನ್ವಯಿಸದು ಎಂದೂ ಸ್ಪಷ್ಟಪಡಿಸಿತು.

ಇಲ್ಲಿ ಯಾರನ್ನೂ ದೂರುವ ಕಾರಣ ನನಗೆ ಕಾಣುವುದಿಲ್ಲ. ಒಬ್ಬರು ಕಾರಂತರ ಇಚ್ಛೆಯನ್ನು ಕಾಯ್ದರು, ಇನ್ನೊಬ್ಬರು ಕಾರಂತರ ಕಲೆಯನ್ನು ಆಡಿಸಿದರು. ಕಾರಂತರು ತಂದದ್ದು ಹೊಸದು, ಅದಕ್ಕೆ ರಕ್ಷಣೆ ಸಿಕ್ಕಿದ್ದು ಸರಿ. ಆ ಹಕ್ಕು 2057ರ ಕೊನೆಗೆ ಮುಗಿಯುತ್ತದೆ. ಆಮೇಲೆ ಅವರ ಅಭಿಮನ್ಯು ಯಕ್ಷಗಾನದ ಪರಂಪರೆಗೇ ಸೇರುತ್ತಾನೆ. ಆದರೆ ಹಕ್ಕು ಎಂದಿಗೂ ಮುಗಿಯದಿದ್ದರೆ? ಕಾಸರಗೋಡಿನ ಕುಂಬಳೆಯ ಪಾರ್ತಿಸುಬ್ಬನದೆಂದು ಹೇಳುವ ರಾಮಾಯಣ ಪ್ರಸಂಗಗಳನ್ನು ಆಡುವ ಮುನ್ನ ಪ್ರತಿ ಮೇಳವೂ ಅವನ ವಂಶಸ್ಥರನ್ನು ಹುಡುಕಿಕೊಂಡು ಹೋಗಬೇಕಿತ್ತು. ಕಾರಂತರ ಕೈಗೆ ಯಕ್ಷಗಾನ ಬರುವಷ್ಟರಲ್ಲಿ ಅದು ನೂರು ವ್ಯಾಜ್ಯಗಳ ಗಂಟಾಗಿರುತ್ತಿತ್ತು.

ಹಕ್ಕಿನಿಂದ ಬರುವ ಹಣದ ಲೆಕ್ಕವನ್ನೂ ನೋಡಬೇಕು. ಹಳೆಯ ಕಾದಂಬರಿಯೊಂದರ ಮರುಮುದ್ರಣ 1000 ಪ್ರತಿ, ಬೆಲೆ 200 ರೂಪಾಯಿ, ಗೌರವಧನ ಶೇ. 10 ಎಂದಿಟ್ಟುಕೊಳ್ಳೋಣ. ಎಲ್ಲ ಪ್ರತಿಗಳೂ ಖರ್ಚಾದರೆ 20,000 ರೂಪಾಯಿ. ಖರ್ಚಾಗಲು ಐದು ವರ್ಷ ಹಿಡಿದರೆ ವರ್ಷಕ್ಕೆ 4,000. ಲೇಖಕರಿಗೆ ನಾಲ್ಕು ಮಕ್ಕಳು, ಒಬ್ಬೊಬ್ಬರಿಗೂ ಮೂವರು ಎಂದರೆ ಮೊಮ್ಮಕ್ಕಳ ಕಾಲಕ್ಕೆ 12 ಪಾಲು. ಒಬ್ಬರಿಗೆ ವರ್ಷಕ್ಕೆ 333 ರೂಪಾಯಿ. ಅವರಿಗೂ ತಲಾ ಮೂವರು ಎಂದರೆ ಮರಿಮಕ್ಕಳ ಕಾಲಕ್ಕೆ 36 ಪಾಲು. ಒಬ್ಬರಿಗೆ 111 ರೂಪಾಯಿ. ಇದು ಯಾರ ಹೊಟ್ಟೆಯನ್ನೂ ತುಂಬಿಸುವುದಿಲ್ಲ. ಆದರೆ ಪುಸ್ತಕ ಮತ್ತೆ ಅಚ್ಚಾಗಬೇಕಾದರೆ 36 ಜನರ ಒಪ್ಪಿಗೆ ಬೇಕು. ಒಬ್ಬರು ಧಾರವಾಡದಲ್ಲಿ, ಇಬ್ಬರು ಬೆಂಗಳೂರಿನಲ್ಲಿ, ಇನ್ನೊಬ್ಬರು ಅಮೆರಿಕದಲ್ಲಿ. ಕೆಲವರಿಗೆ ಕನ್ನಡ ಓದಲು ಬರುವುದಿಲ್ಲ, ಕೆಲವರಿಗೆ ತಮ್ಮ ಮುತ್ತಜ್ಜ ಕಾದಂಬರಿ ಬರೆದದ್ದೇ ಗೊತ್ತಿಲ್ಲ. ಜಂಟಿ ಖಾತೆಯ ಹೊಲ ಮಾರಲು ಹೊರಟ ಯಾವ ರೈತನಿಗೂ ಈ ಕಷ್ಟವನ್ನು ವಿವರಿಸಿ ಹೇಳಬೇಕಿಲ್ಲ. ಹೊಲ ಲಕ್ಷಗಟ್ಟಲೆ ಬೆಲೆ ಬಾಳುತ್ತದೆ, ಆದ್ದರಿಂದ ಜನ ಓಡಾಡಿ ಸಹಿ ಹಾಕಿಸುತ್ತಾರೆ. 300 ಪ್ರತಿ ಅಚ್ಚು ಹಾಕಿಸಲು ಹೊರಟ ಸಣ್ಣ ಪ್ರಕಾಶಕ ಎರಡು ಪತ್ರ ಬರೆದು, ಉತ್ತರ ಬರದೆ ಸುಮ್ಮನಾಗುತ್ತಾನೆ. ಪುಸ್ತಕ ಸಾಯುವುದು ಹೀಗೆ.

ವಾರಸುದಾರರು ಪತ್ತೆಯಾಗದಿದ್ದರೆ ಅನುಮತಿ ಕೇಳಲು ಕಾಯ್ದೆಯ 31ಎ ಕಲಮಿನಲ್ಲಿ ದಾರಿ ಇದೆ. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಅರ್ಜಿ ಹಾಕಿ, ಗೌರವಧನ ಠೇವಣಿ ಇಟ್ಟು ಲೈಸೆನ್ಸ್ ಪಡೆಯಬೇಕು. ದೊಡ್ಡ ಸಂಸ್ಥೆಗಳಿಗೆ ಇದು ಸಾಧ್ಯ. ಕುಷ್ಟಗಿಯ ಕಾಲೇಜು ಅಧ್ಯಾಪಕರೊಬ್ಬರು ತಮ್ಮ ಸೀಮೆಯ ಮರೆತ ಲೇಖಕರನ್ನು ಮತ್ತೆ ಅಚ್ಚಿಗೆ ತರಬೇಕೆಂದರೆ ಈ ದಾರಿ ತುಳಿಯುವುದು ದೂರದ ಮಾತು. ಒಮ್ಮೆ ಕಳೆದುಹೋದದ್ದು ಮತ್ತೆ ಸಿಗುವುದಿಲ್ಲ ಎಂಬುದು ಕನ್ನಡಕ್ಕೆ ಗೊತ್ತಿರುವ ನೋವು. ಸಂಸ ಅವರು ಇಪ್ಪತ್ತಕ್ಕೂ ಹೆಚ್ಚು ನಾಟಕ ಬರೆದರು ಎನ್ನುತ್ತಾರೆ. ನಮ್ಮ ಕೈಗೆ ಉಳಿದದ್ದು ಆರು. ಅವು ಹಕ್ಕಿನ ಕಾರಣಕ್ಕೆ ಕಳೆದುಹೋದವಲ್ಲ. ಆದರೆ ಪ್ರತಿಗಳು ಕಡಿಮೆಯಿದ್ದಷ್ಟೂ ಕೃತಿಯ ಆಯುಷ್ಯ ಕಡಿಮೆ ಎಂಬುದನ್ನು ಅವು ಕಲಿಸುತ್ತವೆ.

ಹಾಗಾದರೆ ಲೇಖಕ ಸತ್ತ ದಿನವೇ ಹಕ್ಕು ಮುಗಿಯಲಿ ಎನ್ನೋಣವೇ? ಅದು ಕ್ರೂರ, ಮತ್ತು ಅದಕ್ಕೂ ತ್ರಿವೇಣಿಯವರೇ ಸಾಕ್ಷಿ. ಹತ್ತು ವರ್ಷಗಳ ಒಳಗೆ ಸುಮಾರು 20 ಕಾದಂಬರಿ ಬರೆದ ಅವರು 35 ತುಂಬುವ ಮೊದಲೇ, ಮಗಳು ಹುಟ್ಟಿದ ಕೆಲವೇ ದಿನಗಳಲ್ಲಿ ತೀರಿಕೊಂಡರು. ಮುಂದೆ 'ಬೆಳ್ಳಿಮೋಡ' (1967), 'ಶರಪಂಜರ' (1971) ಚಿತ್ರಗಳು ಬಂದು ಮನೆಮಾತಾದವು. ಅಮ್ಮನ ದುಡಿಮೆಯ ಫಲ ಎಳೆಗೂಸಿಗೆ ಸಿಗದೆ ಯಾರದೋ ಪಾಲಾಗಿದ್ದರೆ ಅದನ್ನು ನ್ಯಾಯ ಎನ್ನಲು ಯಾರಿಗೂ ನಾಲಿಗೆ ಬರುತ್ತಿರಲಿಲ್ಲ. ಲೇಖಕರ ನಂತರವೂ ಹಕ್ಕು ಕೆಲ ಕಾಲ ಉಳಿಯಬೇಕು ಎನ್ನುವುದಕ್ಕೆ ಇದಕ್ಕಿಂತ ಬಲವಾದ ಕಾರಣ ಬೇಡ. ಆದರೆ 1963ರಲ್ಲಿ ತೊಟ್ಟಿಲಲ್ಲಿದ್ದ ಮಗುವಿಗೆ 2023ರಲ್ಲಿ 60 ವರ್ಷ. ಬಾಲ್ಯ, ಓದು, ಮದುವೆ, ಮನೆ, ನಿವೃತ್ತಿಯವರೆಗಿನ ಇಡೀ ಬದುಕನ್ನು ಆ ಹಕ್ಕು ಕಾಯಿತು. ಕಾನೂನು ತನ್ನ ಮಾತು ಉಳಿಸಿಕೊಂಡಿತು. ಅದಕ್ಕೂ ಮುಂದೆ ಎಳೆಯಲು ಕಾರಣವಿಲ್ಲ.

ಎಳೆಯುವ ಆಸೆ ಮಾತ್ರ ಯಾವಾಗಲೂ ಇರುತ್ತದೆ. ನಮ್ಮಲ್ಲಿ ಅವಧಿ 50 ವರ್ಷವೇ ಇತ್ತು. 1941ರಲ್ಲಿ ತೀರಿಕೊಂಡ ರವೀಂದ್ರನಾಥ ಟಾಗೋರರ ಹಕ್ಕು 1991ರ ಕೊನೆಗೆ ಮುಗಿಯುವುದರಲ್ಲಿತ್ತು. ವಿಶ್ವಭಾರತಿಯ ಕೈಯಲ್ಲಿದ್ದ ಆ ಹಕ್ಕನ್ನು ಉಳಿಸಲು ಕೇಂದ್ರ ಸರ್ಕಾರ ಡಿಸೆಂಬರ್ ಕೊನೆಯಲ್ಲಿ ಸುಗ್ರೀವಾಜ್ಞೆ ತಂದಿತು. 1992ರಲ್ಲಿ ಅದು ಕಾಯ್ದೆಯಾಗಿ ಅವಧಿ 60ಕ್ಕೆ ಏರಿತು. ಒಬ್ಬ ಮಹಾಕವಿಗಾಗಿ ಮಾಡಿದ ಬದಲಾವಣೆ ದೇಶದ ಎಲ್ಲ ಭಾಷೆಗಳ ಎಲ್ಲ ಲೇಖಕರಿಗೂ ಅನ್ವಯಿಸಿತು. ವಿಜಯನಗರದ ಹುಟ್ಟಿನ ಕತೆಯನ್ನು, ಅಂದರೆ ನಮ್ಮ ಆನೆಗೊಂದಿ-ಹಂಪಿಯ ಕತೆಯನ್ನು 'ಮಾಧವ ಕರುಣಾ ವಿಲಾಸ'ದಲ್ಲಿ ಹೇಳಿದ ಗಳಗನಾಥರು 1942ರಲ್ಲಿ ತೀರಿಕೊಂಡಿದ್ದರು. ಅವರ ಕೃತಿಗಳು 1992ರ ಕೊನೆಗೆ ಎಲ್ಲರದಾಗಬೇಕಿತ್ತು, 2002ರವರೆಗೆ ಕಾಯಬೇಕಾಯಿತು. ಪುಸ್ತಕದ ಗಂಟು ಹೊತ್ತು ಊರೂರು ತಿರುಗಿ ಕನ್ನಡಿಗರಿಗೆ ಓದಿನ ರುಚಿ ಹಚ್ಚಿದ ಮನುಷ್ಯನ ಕೃತಿಗಳಿಗೆ ಬೇಕಾಗಿದ್ದದ್ದು ಇನ್ನಷ್ಟು ಕೈಗಳು, ಇನ್ನಷ್ಟು ಬೀಗ ಅಲ್ಲ. ಯುರೋಪು, ಅಮೆರಿಕಗಳು ಈಗ 70 ವರ್ಷಕ್ಕೆ ಹೋಗಿವೆ. ನಾಳೆ ನಮ್ಮ ಮೇಲೂ ಒತ್ತಡ ಬಂದರೆ 1992ರ ಪಾಠ ನೆನಪಿರಬೇಕು.

ಈಗಿನ ಅವಧಿಯೇ ಎಷ್ಟು ದೀರ್ಘ ಎಂದು ನೋಡಿ. ಅ.ನ.ಕೃ. ಕಾದಂಬರಿಗಳು ಮುಕ್ತವಾಗುವುದು 2032ರ ಜನವರಿಯಲ್ಲಿ, ಮಾಸ್ತಿಯವರ ಕತೆಗಳು 2047ರಲ್ಲಿ, ಕುವೆಂಪು 2055ರಲ್ಲಿ, ಅನಂತಮೂರ್ತಿಯವರ 'ಸಂಸ್ಕಾರ' 2075ರಲ್ಲಿ. 2025ರ ಸೆಪ್ಟೆಂಬರಿನಲ್ಲಿ ತೀರಿಕೊಂಡ ಭೈರಪ್ಪನವರ ಕೃತಿಗಳು 2086ರಲ್ಲಿ. ಅಷ್ಟರಲ್ಲಿ 1965ರ 'ವಂಶವೃಕ್ಷ'ಕ್ಕೆ 121 ವರ್ಷ ತುಂಬಿರುತ್ತದೆ. ಕೃತಿಸ್ವಾಮ್ಯದ ಅಂತರರಾಷ್ಟ್ರೀಯ ಬರ್ನ್ ಒಪ್ಪಂದಕ್ಕೆ ಸಹಿ ಹಾಕಿರುವುದರಿಂದ 50 ವರ್ಷಕ್ಕಿಂತ ಕೆಳಗೆ ನಾವು ಇಳಿಯುವಂತಿಲ್ಲ. 50ಕ್ಕೆ ಮರಳಲು ಅಡ್ಡಿಯಿಲ್ಲ, ಮರಳುವುದೇ ಸರಿ ಎಂಬುದು ನನ್ನ ಅಭಿಪ್ರಾಯ.

ಇನ್ನು ಎರಡು ಆಕ್ಷೇಪಗಳು ಉಳಿಯುತ್ತವೆ. ಹಕ್ಕು ಹೋದರೆ ಕೃತಿಯನ್ನು ಬೇಕಾದಂತೆ ಕೆಡಿಸುತ್ತಾರೆ ಎಂಬುದು ಒಂದು. ಕಾಯ್ದೆಯ 57ನೆಯ ಕಲಮು ಇದಕ್ಕೇ ಇದೆ. ಕೃತಿ ತನ್ನದೆಂದು ಹೇಳಿಕೊಳ್ಳುವ ಮತ್ತು ಹೆಸರಿಗೆ ಕುಂದು ತರುವಂತೆ ತಿರುಚಿದರೆ ತಡೆಯುವ ಹಕ್ಕನ್ನು ಅದು ಹಣದ ಹಕ್ಕಿನಿಂದ ಬೇರೆ ಮಾಡಿ ಇಟ್ಟಿದೆ. ತಿರುಚುವುದನ್ನು ತಡೆಯುವ ಹಕ್ಕನ್ನು ಕೃತಿಸ್ವಾಮ್ಯದ ಅವಧಿಗೆ ಕಟ್ಟಿಹಾಕಿದ್ದ ಮಾತುಗಳನ್ನು 2012ರ ತಿದ್ದುಪಡಿ ತೆಗೆದುಹಾಕಿತು. ಲೇಖಕರ ಹೆಸರು ಶಾಶ್ವತವಾಗಿರಲಿ. ಅದಕ್ಕೆ ಗಡುವು ಬೇಡ. 800 ವರ್ಷ ಕಳೆದರೂ ವಚನಗಳನ್ನು ಅಂಕಿತದಿಂದ ಗುರುತಿಸುವ ನಾಡು ನಮ್ಮದು. ಹೆಸರು ಉಳಿಸಲು ಮಾರಾಟದ ಹಕ್ಕನ್ನು ಹಿಡಿದಿಡಬೇಕಿಲ್ಲ.

ದೊಡ್ಡ ಕಂಪನಿಯೊಂದು ಪುಕ್ಕಟೆ ಕತೆ ತೆಗೆದುಕೊಂಡು ಕೋಟಿ ಗಳಿಸುತ್ತದೆ, ಮೊಮ್ಮಕ್ಕಳಿಗೆ ಬಿಡಿಗಾಸೂ ಇಲ್ಲ ಎಂಬುದು ಇನ್ನೊಂದು. ಈ ಅಳಲಿನಲ್ಲಿ ಸತ್ಯವಿದೆ. ಆದರೆ ಕಂಪನಿಗೆ ಸಿಕ್ಕ ಸ್ವಾತಂತ್ರ್ಯ ಅದೊಂದಕ್ಕೇ ಸಿಕ್ಕಿದ್ದಲ್ಲ. ತೆಲುಗು, ಕನ್ನಡ ಎರಡೂ ಬಲ್ಲ ಶ್ರೀರಾಮನಗರದ ಹುಡುಗಿಯೊಬ್ಬಳು ಇಂದು ತ್ರಿವೇಣಿಯವರನ್ನು ತೆಲುಗಿಗೆ ತರಬಹುದು. ಅವಳ ಅನುವಾದದ ಹಕ್ಕು ಅವಳದೇ ಆಗಿರುತ್ತದೆ. ಜಾತ್ರೆಯಲ್ಲಿ ನಾಟಕ ಆಡುವ ನಮ್ಮ ಹಳ್ಳಿಯ ತಂಡ ಅವರ ಕತೆಯನ್ನು ರಂಗಕ್ಕೆ ತರಬಹುದು. ಹಕ್ಕು ಇರುವ ನಾಟಕವನ್ನೂ ಹವ್ಯಾಸಿ ತಂಡ ಟಿಕೆಟ್ ಇಲ್ಲದೆ ಅಥವಾ ಧಾರ್ಮಿಕ ಸಂಸ್ಥೆಯ ಸಹಾಯಾರ್ಥ ಆಡಲು ಕಾಯ್ದೆಯ 52ನೆಯ ಕಲಮು ಬಿಡುತ್ತದೆ. ಆದರೆ ಕಾದಂಬರಿಯನ್ನು ನಾಟಕವಾಗಿಸಿ ಅಚ್ಚು ಹಾಕಿಸುವುದು, ಟಿಕೆಟ್ ಇಟ್ಟು ಊರೂರು ಆಡುವುದು ಅಪ್ಪಣೆಯಿಲ್ಲದೆ ಹಕ್ಕು ಮುಗಿದ ಮೇಲಷ್ಟೇ ಸಾಧ್ಯ. ಹಕ್ಕು ಶಾಶ್ವತವಾದರೆ ಲಾಭ ಮೊಮ್ಮಕ್ಕಳಿಗೇ ಹೋಗುತ್ತದೆ ಎಂಬ ಭರವಸೆಯೂ ಇಲ್ಲ. ಹಕ್ಕನ್ನು ಮಾರಬಹುದು, ಕಷ್ಟಕಾಲದಲ್ಲಿ ಒಂದು ಪೀಳಿಗೆ ಮಾರಿದರೆ ಮುಂದಿನ ಎಲ್ಲ ಪೀಳಿಗೆಗಳೂ ಕೈ ಖಾಲಿ. ಆಗ ಕತೆ ನಿಜವಾಗಿಯೂ ಒಂದೇ ಕಂಪನಿಯ ಪಾಲಾಗುತ್ತದೆ, ಎಂದೆಂದಿಗೂ.

ಬಿಟ್ಟುಕೊಟ್ಟರೆ ಏನು ಸಿಗುತ್ತದೆ ಎಂಬುದೂ ನಮಗೆ ಗೊತ್ತು. 1939ರಲ್ಲಿ 27ರ ಹರೆಯದಲ್ಲಿ ತೀರಿಕೊಂಡ ಕೊಡಗಿನ ಗೌರಮ್ಮನವರ ಕತೆಗಳ ಹಕ್ಕು ಎಂದೋ ಮುಗಿದಿತ್ತು. ಮಡಿಕೇರಿಯ ದೀಪಾ ಭಾಸ್ತಿ ಅವನ್ನು ಇಂಗ್ಲಿಷಿಗೆ ತಂದರು, 2023ರಲ್ಲಿ ಪುಸ್ತಕ ಹೊರಬಂತು. ಅವರಿಗೆ ಕಾನೂನಿನ ತಡೆ ಇರಲಿಲ್ಲ. ನಿರಂಜನರ ಐವತ್ತಕ್ಕೂ ಹೆಚ್ಚು ಕೃತಿಗಳನ್ನು ಕುಟುಂಬದವರು 2014ರಲ್ಲಿ ಕ್ರಿಯೇಟಿವ್ ಕಾಮನ್ಸ್ ಪರವಾನಗಿಯಡಿ ಬಿಟ್ಟರು. ಲೇಖಕರ ಹೆಸರು ಹೇಳಬೇಕು, ಆಧರಿಸಿ ಮಾಡಿದ್ದನ್ನೂ ಇದೇ ಷರತ್ತಿನಲ್ಲಿ ಬಿಡಬೇಕು, ಅಷ್ಟೇ. ಕಾಸರಗೋಡಿನ ಕಯ್ಯೂರಿನ ರೈತ ಹೋರಾಟದ ಮೇಲೆ ಬರೆದ 'ಚಿರಸ್ಮರಣೆ'ಯನ್ನು ಇಂದು ಯಾವ ಹಳ್ಳಿಯ ವಿದ್ಯಾರ್ಥಿಯೂ ತನ್ನ ಫೋನಿಗೆ ಇಳಿಸಿಕೊಂಡು ಓದಬಹುದು. ಇನ್ನೂ ದಶಕಗಳ ಕಾಲ ಇಟ್ಟುಕೊಳ್ಳಬಹುದಾಗಿದ್ದ ಹಕ್ಕನ್ನು ಬಿಟ್ಟ ಆ ಕುಟುಂಬ ಲೇಖಕರಿಗೆ ಹೊಸ ಓದುಗರನ್ನು ತಂದುಕೊಟ್ಟಿತು. ತಮಿಳರು ಸುಬ್ರಹ್ಮಣ್ಯ ಭಾರತಿಯವರ ವಿಷಯದಲ್ಲಿ ಇನ್ನೊಂದು ದಾರಿ ತೋರಿಸಿದ್ದಾರೆ: 1949ರಲ್ಲಿ ಮದ್ರಾಸ್ ಸರ್ಕಾರ ಹಕ್ಕನ್ನು ತಾನೇ ಪಡೆದು, ಮುಂದೆ ಜನರಿಗೆ ಬಿಟ್ಟಿತು.

ನಾವು ಮಾಡಬೇಕಾದ ಕೆಲಸ ದೊಡ್ಡದೇನೂ ಅಲ್ಲ. ಕನ್ನಡ ಸಾಹಿತ್ಯ ಪರಿಷತ್ತು, ಕನ್ನಡ ಪುಸ್ತಕ ಪ್ರಾಧಿಕಾರ ಪ್ರತಿ ಜನವರಿ 1ರಂದು ಆ ವರ್ಷ ಮುಕ್ತವಾದ ಲೇಖಕರ ಮತ್ತು ಕೃತಿಗಳ ಪಟ್ಟಿ ಹೊರಡಿಸಲಿ. ಮರಣಾನಂತರ ಮೊದಲ ಬಾರಿ ಪ್ರಕಟವಾದ ಕೃತಿಗೆ 60 ವರ್ಷವನ್ನು ಪ್ರಕಟಣೆಯ ವರ್ಷದಿಂದ ಎಣಿಸಬೇಕು, ಚಲನಚಿತ್ರದ ಹಕ್ಕು ಕಾದಂಬರಿಯ ಹಕ್ಕಿಗಿಂತ ಬೇರೆ ಎಂಬಂತಹ ವಿವರಗಳೂ ಅದರಲ್ಲಿರಲಿ. ಗೊಂದಲದ ಭಯದಿಂದಲೇ ಎಷ್ಟೋ ಜನ ಕೈ ಹಾಕುವುದಿಲ್ಲ. ಮುಕ್ತವಾದ ಪುಸ್ತಕಗಳ ಶುದ್ಧ ಪಾಠವನ್ನು ವಿಶ್ವವಿದ್ಯಾಲಯಗಳು ಸಿದ್ಧಪಡಿಸಿ ಎಲ್ಲರಿಗೂ ಸಿಗುವಂತೆ ಇಡಲಿ. ವರ್ಷಗಟ್ಟಲೆ ಅಚ್ಚಿನಲ್ಲಿಲ್ಲದ ಕೃತಿಗೆ ಸುಲಭವಾಗಿ ಅನುಮತಿ ಸಿಗುವ ದಾರಿಯನ್ನು ಸರ್ಕಾರ ತೆರೆಯಲಿ. ಇಂದು ಬರೆಯುತ್ತಿರುವವರು ತಮ್ಮ ನಂತರ ಪುಸ್ತಕಗಳ ಹೊಣೆ ಯಾರದು, ಅವು ಯಾವಾಗ ಎಲ್ಲರದಾಗಬೇಕು ಎಂಬುದನ್ನು ಉಯಿಲಿನಲ್ಲಿ ಸ್ಪಷ್ಟವಾಗಿ ಬರೆದಿಡಲಿ. 60 ವರ್ಷ ಕಾಯಲೇಬೇಕು ಎಂದು ಕಾನೂನು ಯಾರನ್ನೂ ಬಲವಂತ ಮಾಡುವುದಿಲ್ಲ.

ಲೇಖಕರು ಬದುಕಿರುವಾಗ ಅವರ ಒಂದು ರೂಪಾಯಿಯನ್ನೂ ಯಾರೂ ಕದಿಯಬಾರದು. ನೆರಳಚ್ಚು ಪ್ರತಿ, ಕಳ್ಳ ಪಿಡಿಎಫ್ ಹಂಚುವುದು ಅವರ ಅನ್ನಕ್ಕೆ ಕೈ ಹಾಕಿದಂತೆ. ಅವರ ನಂತರ ಮಕ್ಕಳ ಪಾಲು ಮಕ್ಕಳಿಗೆ ಹೋಗಬೇಕು. ಆಮೇಲೆ ಆ ಕತೆ ಓದುಗರದು. ತ್ರಿವೇಣಿ ಈಗ ನಮ್ಮವರು. ಅವರನ್ನು ಮತ್ತೆ ಓದಿ, ಮಕ್ಕಳಿಗೆ ಓದಿಸಿ, ಸಾಧ್ಯವಿದ್ದವರು ಇನ್ನೊಂದು ಭಾಷೆಗೆ ದಾಟಿಸಿ. ಕಾನೂನು ತನ್ನ ಕೆಲಸ ಮುಗಿಸಿದೆ. ಮುಂದಿನ ಹೊಣೆ ನಮ್ಮದು.